ಮಂಡಕ್ಕಿ ಮತ್ತು ಕಾರ್ನ್‌ಫ್ಲೇಕ್ಸ್: ತಯಾರಾಗುವುದು ಹೇಗೆ?

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ನಮಗೆ ಈ ವರ್ಷ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಒಂದು ಆಹಾರ ಪದಾರ್ಥವನ್ನು ಆರಿಸಿಕೊಂಡು, ಅದು ತಯಾರಾಗುವ ಬಗೆಯನ್ನೂ ಅದಕ್ಕೆ ತಗಲುವ ಖರ್ಚನ್ನೂ ಬರೆಯಬೇಕಿತ್ತು. ನಾನು ಕಾರ್ನ್‌ಫ್ಲೇಕ್ಸ್ ಆರಿಸಿಕೊಂಡೆ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಕಾರ್ನ್‌ಫ್ಲೇಕ್ಸ್ ತರುವುದೇ ಇಲ್ಲ. ನಮ್ಮ ಅಬ್ಬಾ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಮಂಡಕ್ಕಿ ಬಗ್ಗೆ ಬರೆದರೆ ಅದು ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಸಂಕೋಚ ನನಗಿತ್ತು. ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ಖಾಸಗಿ’ ಎಂದಷ್ಟೇ ಬರೆದಿದ್ದೆ.

ಒಂದು ರಾತ್ರಿ, ಓದಿದ್ದನ್ನು ಅಮ್ಮಿಗೆ ಉರ್ದುವಿನಲ್ಲಿ ವಿವರಿಸುತ್ತಿದ್ದೆ. ಊಟ ಮಾಡುತ್ತಿದ್ದ ಅಬ್ಬಾ ಕೇಳಿಸಿಕೊಂಡು ನಕ್ಕರು. “ಮೊದಲು ಬೇಯಿಸೋದು, ಆಮೇಲೆ ಒಣಗಿಸೋದು, ಕೊನೆಗೆ ಜೋರು ಬಿಸಿ ಕೊಡೋದು. ನಾವೂ ಅದನ್ನೇ ಮಾಡ್ತೀವಲ್ಲ ಬೇಟಾ” ಎಂದರು. ಆ ಮಾತಿನಿಂದಲೇ ಈ ಲೇಖನ ಹುಟ್ಟಿತು.

ಕಾರ್ನ್‌ಫ್ಲೇಕ್ಸ್ ಆಗುವುದು ಹೀಗೆ

ಕಾರ್ನ್‌ಫ್ಲೇಕ್ಸ್ ಹುಟ್ಟಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನಲ್ಲಿ. ಅಲ್ಲಿನ ಆರೋಗ್ಯಧಾಮದಲ್ಲಿ ಜಾನ್ ಹಾರ್ವೆ ಕೆಲಾಗ್ ವೈದ್ಯರಾಗಿದ್ದರು. ತಮ್ಮ ವಿಲ್ ಕೀತ್ ಕೆಲಾಗ್ ಅವರ ಜೊತೆಗಿದ್ದರು. 1894ರಲ್ಲಿ ಬೇಯಿಸಿದ ಗೋಧಿ ಹಾಗೆಯೇ ಉಳಿದುಹೋಯಿತು. ಬಿಸಾಡಲು ಮನಸ್ಸಾಗದೆ ಅದನ್ನು ರೋಲರ್ ನಡುವೆ ಹಾಕಿದಾಗ ಒಂದೊಂದು ಕಾಳೂ ಒಂದೊಂದು ತೆಳು ಹಾಳೆಯಾಗಿ ಬಂತು. ಮುಂದೆ ಗೋಧಿಯ ಬದಲು ಮೆಕ್ಕೆಜೋಳ ಬಳಸಿದರು. 1906ರಲ್ಲಿ ವಿಲ್ ಕೀತ್ ಸ್ವಂತ ಕಂಪನಿ ತೆರೆದರು.

ಇಂದಿಗೂ ಕ್ರಮ ಹೆಚ್ಚು ಬದಲಾಗಿಲ್ಲ. ಮೊದಲು ಮೆಕ್ಕೆಜೋಳದ ಸಿಪ್ಪೆಯನ್ನೂ ಮೊಳಕೆಯ ಭಾಗವನ್ನೂ ತೆಗೆಯುತ್ತಾರೆ. ಮೊಳಕೆಯಲ್ಲಿ ಎಣ್ಣೆಯಂಶ ಇರುವುದರಿಂದ ಅದು ಉಳಿದರೆ ಬೇಗ ಕಮಟು ವಾಸನೆ ಬರುತ್ತದೆ. ಉಳಿದ ದಪ್ಪ ಚೂರುಗಳನ್ನು ಸಕ್ಕರೆ, ಉಪ್ಪು, ಮಾಲ್ಟ್ ಸೇರಿಸಿ ದೊಡ್ಡ ಕುಕ್ಕರ್‌ಗಳಲ್ಲಿ ಹಬೆಯ ಒತ್ತಡದಲ್ಲಿ ಬೇಯಿಸುತ್ತಾರೆ. ನಂತರ ಒಣಗಿಸಿ, ತೇವ ಒಳಗೂ ಹೊರಗೂ ಸಮವಾಗುವವರೆಗೆ ಹಾಗೇ ಬಿಡುತ್ತಾರೆ. ಆಮೇಲೆ ಭಾರವಾದ ಉಕ್ಕಿನ ರೋಲರ್‌ಗಳ ನಡುವೆ ಒತ್ತಿ, ಬಿಸಿ ಓವನ್‌ನಲ್ಲಿ ಹುರಿಯುತ್ತಾರೆ. ಈ ಬಿಸಿಯಲ್ಲಿ ಕೆಲವು ಜೀವಸತ್ವಗಳು ನಾಶವಾಗುತ್ತವೆ. ಆದ್ದರಿಂದ ಕೊನೆಗೆ ಜೀವಸತ್ವಗಳನ್ನು ಮೇಲಿನಿಂದ ಸಿಂಪಡಿಸುತ್ತಾರೆ.

ಬೇಯಿಸಿ, ಒತ್ತಿ, ಹುರಿಯುವ ಈ ಕೆಲಸ ನಮಗೆ ಹೊಸದೇನಲ್ಲ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಚಪ್ಪಟೆ ಮಾಡಿದರೆ ಅವಲಕ್ಕಿ.

ಮಂಡಕ್ಕಿ ಅರಳುವುದು ಹೀಗೆ

ಮಂಡಕ್ಕಿಗೆ ನಮ್ಮ ಮನೆಯಲ್ಲಿ ಮುರ್ಮುರೆ ಎನ್ನುತ್ತೇವೆ. ಹುಬ್ಬಳ್ಳಿ ಕಡೆ ಹೋದರೆ ಅದೇ ಚುರುಮುರಿ, ಬೆಂಗಳೂರಿನಲ್ಲಿ ಪುರಿ. ದಾವಣಗೆರೆಯಲ್ಲಿ ಮಿರ್ಚಿ ಜೊತೆ ಮಂಡಕ್ಕಿ ತಿನ್ನದವರು ಸಿಗುವುದು ಕಷ್ಟ. ನರ್ಗೀಸ್ ಮಂಡಕ್ಕಿಯಂತೂ ಹೊರಗಿನವರಿಗೂ ಗೊತ್ತು.

ಒಂದು ಭಾನುವಾರ ಫಜ್ರ್ ನಮಾಜ್ ಆದ ಮೇಲೆ ಅಬ್ಬಾ ಜೊತೆ ಭಟ್ಟಿಗೆ ಹೋದೆ. ಚಿಕ್ಕಂದಿನಲ್ಲಿ ಎಷ್ಟೋ ಸಲ ಹೋಗಿದ್ದರೂ, ಪುಸ್ತಕ ಹಿಡಿದು ಹೋಗಿದ್ದು ಅದೇ ಮೊದಲು.

ಭತ್ತವನ್ನು ತೊಟ್ಟಿಯಲ್ಲಿ ನೆನೆಹಾಕಿ, ಬಿಸಿ ಕೊಟ್ಟು ಬೇಯಿಸಿ, ಒಣಗಿಸಿ, ಮಿಲ್‌ನಲ್ಲಿ ಹೊಟ್ಟು ತೆಗೆಸುತ್ತಾರೆ. ಹೀಗೆ ಬಂದ ಅಕ್ಕಿಗೆ ಉಪ್ಪು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಯಾಡಿಸಿ ಹದಕ್ಕೆ ತರುತ್ತಾರೆ. ಕೊನೆಗೆ ಕಾದ ಮರಳಿಗೆ ಅಕ್ಕಿ ಹಾಕುತ್ತಾರೆ. ಚಟಪಟ ಸದ್ದಾಗಿ ಕೆಲವೇ ಸೆಕೆಂಡುಗಳಲ್ಲಿ ಬಾಂಡ್ಲಿ ತುಂಬ ಬೆಳ್ಳಗೆ ಅರಳುತ್ತದೆ. ಕೂಡಲೇ ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ.

ಇದರ ವಿಜ್ಞಾನ ಸರಳ. ಅಕ್ಕಿಯ ಒಳಗೆ ಸ್ವಲ್ಪ ನೀರಿನಂಶ ಇರುತ್ತದೆ. ಜೋರು ಬಿಸಿಗೆ ಅದು ತಟ್ಟನೆ ಹಬೆಯಾಗುತ್ತದೆ. ಅದೇ ಹೊತ್ತಿಗೆ ಪಿಷ್ಟ ಮೆತ್ತಗಾಗುತ್ತದೆ. ಹೊರಬರಲು ದಾರಿ ಸಿಗದ ಹಬೆ ಕಾಳನ್ನೇ ಹಿಗ್ಗಿಸುತ್ತದೆ. ಹಸಿ ಅಕ್ಕಿಯನ್ನು ಮರಳಿಗೆ ಹಾಕಿದರೆ ಹೀಗೆ ಅರಳುವುದಿಲ್ಲ, ಏಕೆಂದರೆ ಅದರ ಬಿರುಕುಗಳಿಂದ ಹಬೆ ಸೋರಿಹೋಗುತ್ತದೆ. ಭತ್ತವನ್ನು ಮೊದಲೇ ಬೇಯಿಸಿದಾಗ ಪಿಷ್ಟ ಅಂಟಾಗಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಅಕ್ಕಿಯಲ್ಲಿ ಸುಮಾರು ಶೇ 11ರಷ್ಟು ತೇವ, ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಮಂಡಕ್ಕಿ ಚೆನ್ನಾಗಿ ಅರಳುತ್ತದೆ. ಉಪ್ಪು ರುಚಿಗಷ್ಟೇ ಅಲ್ಲ, ಹೆಚ್ಚು ಅರಳುವುದಕ್ಕೂ ಬೇಕು.

ಅಬ್ಬಾ ಬಳಿ ಥರ್ಮಾಮೀಟರ್ ಇಲ್ಲ. ಒಂದು ಹಿಡಿ ಅಕ್ಕಿ ಹಾಕಿ ಸದ್ದು ಕೇಳುತ್ತಾರೆ. ಸದ್ದು ನಿಧಾನವಾದರೆ ಉರಿ ಹೆಚ್ಚಿಸುತ್ತಾರೆ. ಅಕ್ಕಿಯನ್ನು ಹಲ್ಲಿನಲ್ಲಿ ಕಡಿದು ತೇವ ಹೇಳುತ್ತಾರೆ. ಒಂದು ಗಳಿಗೆ ತಡವಾದರೂ ಮಂಡಕ್ಕಿ ಕೆಂಪಾಗಿ ಆ ಪೂರ್ತಿ ಬಾಂಡ್ಲಿ ನಷ್ಟ.

ಅಮೆರಿಕದಲ್ಲಿ ಅಕ್ಕಿ ಅರಳಿಸಲು ಬೇರೆ ದಾರಿ ಹುಡುಕಿದರು. ಅಲೆಕ್ಸಾಂಡರ್ ಆ್ಯಂಡರ್ಸನ್ ಎಂಬ ಸಸ್ಯವಿಜ್ಞಾನಿ, ಮುಚ್ಚಿದ ಕೊಳವೆಯಲ್ಲಿ ಧಾನ್ಯವನ್ನು ಒತ್ತಡದಲ್ಲಿ ಕಾಯಿಸಿ ಥಟ್ಟನೆ ಬಾಯಿ ತೆರೆಯುವ ವಿಧಾನ ಕಂಡುಹಿಡಿದರು. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಫಿರಂಗಿಯಂಥ ಯಂತ್ರಗಳಿಂದ ಅಕ್ಕಿ ಅರಳಿಸಿ ತೋರಿಸಿದರು. ಜನ ಬೆರಗಾಗಿ ನೋಡಿದ ಅದೇ ಅರಳಿದ ಅಕ್ಕಿಯನ್ನು ನಮ್ಮಲ್ಲಿ ಬರೀ ಮರಳಿನಿಂದ ಮಾಡುತ್ತಾರೆ.

ಖರ್ಚಿನ ಲೆಕ್ಕ

ಹಾಗಾದರೆ ಎರಡರ ಬೆಲೆಯಲ್ಲಿ ಅಷ್ಟು ಅಂತರ ಏಕೆ? ವಾಣಿಜ್ಯ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಇದು. ಮಂಡಕ್ಕಿಗೆ ತೂಕ ಕಡಿಮೆ, ಗಾತ್ರ ಹೆಚ್ಚು. ಲಾರಿ ತುಂಬಿದರೂ ಭಾರ ತುಂಬುವುದಿಲ್ಲ, ಆದ್ದರಿಂದ ದೂರ ಸಾಗಿಸಿದರೆ ಬಾಡಿಗೆಯೇ ಲಾಭ ತಿನ್ನುತ್ತದೆ. ಗಾಳಿಯ ತೇವ ತಾಗಿದರೆ ಮೆತ್ತಗಾಗುತ್ತದೆ. ಹೀಗಾಗಿ ಚೀಲದಲ್ಲಿ ಹತ್ತಿರದ ಊರುಗಳಿಗೇ ಹೋಗುತ್ತದೆ. ಕಾರ್ನ್‌ಫ್ಲೇಕ್ಸ್ ಮಾತ್ರ ತೇವ ತಾಗದ ಪೊಟ್ಟಣ, ಅದರ ಮೇಲೊಂದು ಡಬ್ಬಿ, ಜಾಹೀರಾತು, ಬ್ರಾಂಡ್ ಹೆಸರು ಎಲ್ಲವನ್ನೂ ಹೊತ್ತು ದೇಶವಿಡೀ ಸುತ್ತುತ್ತದೆ. ಆ ಖರ್ಚೆಲ್ಲ ಕೊಳ್ಳುವವರ ಮೇಲೆ. ತೆರಿಗೆಯೂ ಇದೇ ಗುರುತು ನೋಡುತ್ತದೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮಂಡಕ್ಕಿಗೆ ಶೇ 5 ಜಿಎಸ್‌ಟಿ ಬಂತು, ಬಿಡಿಯಾಗಿ ಅಳೆದು ಕೊಟ್ಟರೆ ತೆರಿಗೆ ಇಲ್ಲ.

ಆದರೂ ಬ್ರಾಂಡ್ ಒಂದೇ ಸಾಲದು. 1994ರಲ್ಲಿ ಕೆಲಾಗ್ಸ್ ಭಾರತಕ್ಕೆ ಬಂದಾಗ ವ್ಯಾಪಾರ ಕುದುರಲು ಕಷ್ಟವಾಯಿತು. ನಮ್ಮವರು ಬಿಸಿ ಹಾಲು ಹಾಕಿದ ಕೂಡಲೇ ಅದು ಮುದ್ದೆಯಾಗುತ್ತಿತ್ತು.

ಆರೋಗ್ಯದ ಬಗ್ಗೆ ಒಂದು ಮಾತು. ಎರಡರಲ್ಲೂ ನಾರಿನಂಶ ಕಡಿಮೆ, ಬೇಗ ಜೀರ್ಣವಾಗಿ ಬೇಗ ಹಸಿವಾಗುತ್ತದೆ. ಮಂಡಕ್ಕಿಗೆ ಶೇಂಗಾ, ಹುರಿಗಡಲೆ, ಈರುಳ್ಳಿ ಬೆರೆಸುವುದು ಒಳ್ಳೆಯದು. ಡಬ್ಬಿ ಕೊಳ್ಳುವವರು ಹಿಂದಿನ ಪಟ್ಟಿ ಓದಿ. ಯಾವುದು ಹೆಚ್ಚು ಹಾಕಿದ್ದಾರೋ ಅದರ ಹೆಸರು ಮೊದಲು ಬರೆಯಬೇಕೆಂಬ ನಿಯಮವಿದೆ. ಸಕ್ಕರೆ ಎಷ್ಟನೆಯ ಜಾಗದಲ್ಲಿದೆ ನೋಡಿ.

ನನ್ನ ಪಟ್ಟಿಯಲ್ಲಿ ಭಟ್ಟಿಯ ಶೆಡ್, ಒಲೆ, ಬಾಂಡ್ಲಿ ಸ್ಥಿರ ವೆಚ್ಚ. ಭತ್ತ, ಉಪ್ಪು, ಉರುವಲು, ಚೀಲದ ಲೆಕ್ಕದ ಕೂಲಿ ಬದಲಾಗುವ ವೆಚ್ಚ. ಇಷ್ಟು ಬರೆದ ಮೇಲೂ ಒಂದು ಬಾಬತ್ತು ಉಳಿಯಿತು. ಈಗ ಒಲೆಗೆ ಭತ್ತದ ಹೊಟ್ಟು ಹಾಕುತ್ತಾರೆ. ಹಿಂದೆ ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಟೈರ್ ಸುಡುತ್ತಿದ್ದರು. ಆ ಕಪ್ಪು ಹೊಗೆಯಲ್ಲಿ ಅಬ್ಬಾ ವರ್ಷಗಟ್ಟಲೆ ನಿಂತಿದ್ದಾರೆ. ರಂಜಾನ್‌ನಲ್ಲಿ ರೋಜಾ ಇಟ್ಟುಕೊಂಡೇ ನಿಂತಿದ್ದಾರೆ. ರಾತ್ರಿ ಅವರ ಕೆಮ್ಮು ನಮಗೆಲ್ಲ ಕೇಳಿಸುತ್ತದೆ. ಅರ್ಥಶಾಸ್ತ್ರದ ಪಾಠದಲ್ಲಿ ಇಂಥ ಹೊಗೆಗೆ ‘ಬಾಹ್ಯ ಪರಿಣಾಮ’ ಎನ್ನುತ್ತಾರೆ. ಅಂದರೆ ಮಾಲೀಕರ ಲೆಕ್ಕದ ಪುಸ್ತಕದಲ್ಲಿ ಬರೆಯದ ಖರ್ಚು. ಉರುವಲು ಉಳಿಸುವ ಒಲೆ, ಎತ್ತರದ ಚಿಮಣಿ, ಮುಖಕ್ಕೆ ಮಾಸ್ಕ್ ಇವುಗಳಿಗೆ ಒಂದು ಚೀಲದ ಮೇಲೆ ಎಷ್ಟು ಹೆಚ್ಚಾದೀತು ಎಂದು ಲೆಕ್ಕ ಹಾಕುವುದನ್ನು ನಾವು ಕಲಿಯಬೇಕು ಎಂದು ನನಗೆ ಅನ್ನಿಸುತ್ತದೆ.

ಕೊನೆಗೆ ಪ್ರಾಜೆಕ್ಟ್‌ನ ವಿಷಯ ಬದಲಾಯಿಸಿ, ಮಂಡಕ್ಕಿಯನ್ನೇ ಬರೆದು ಕೊಟ್ಟೆ. ತಮ್ಮನ ಶಾಲೆಯ ಅರ್ಜಿಯನ್ನು ಈ ಸಲ ನಾನೇ ತುಂಬಿದೆ. ತಂದೆಯ ಉದ್ಯೋಗ ಎಂಬಲ್ಲಿ ‘ಮಂಡಕ್ಕಿ ಭಟ್ಟಿ ಕೆಲಸ’ ಎಂದು ಬರೆದು ಅಬ್ಬಾಗೆ ಓದಿ ಹೇಳಿದೆ. ಅವರು ಸಹಿ ಮಾಡಿ ಕೊಟ್ಟರು.