ಇನ್ನೊಬ್ಬರು ಓಡಿಸಿದ ಗಾಡಿ

ಹಳೆಯ ಹೋಟೆಲನ್ನು ಕೊಳ್ಳಹೋದವನು ಬಾಗಿಲ ಮೇಲಣ ಬೋರ್ಡನ್ನು ನೋಡಿ ಮರುಳಾಗದೆ ಹಿಂದಿನ ಅಡುಗೆಮನೆಯನ್ನು ಹೊಕ್ಕು ನೋಡಬೇಕೆಂದು, ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಹತ್ತಾರು ಮಂದಿಗೆ ಉಪದೇಶಿಸಿದ್ದುಂಟು. ಪರರಿಗೆ ಹೇಳುವ ಬುದ್ಧಿ ಸ್ವಂತ ಕಾರ್ಯದಲ್ಲಿ ಒದಗುವುದಿಲ್ಲವೆಂಬುದಕ್ಕೆ ನಾವೇ ಸಾಕ್ಷಿಯಾದೆವು. ಊರಿಗೆ ಹೋದಾಗ ಉಡುಪಿಯಲ್ಲಿ ಹಳೆಯ ಥಂಡರ್‌ಬರ್ಡ್ ಮೋಟಾರು ಸೈಕಲೊಂದನ್ನು ಕೊಂಡೆವು. ಆಗ ನಾವು ನೋಡಿದ್ದು ಬೋರ್ಡನ್ನು ಮಾತ್ರ.

ಕ್ರೂಸರ್ ಎಂಬ ಈ ಜಾತಿಯ ಗಾಡಿ ಅಮೆರಿಕದ ಉದ್ದನೆಯ ಹೆದ್ದಾರಿಗಳಲ್ಲಿ ರೂಪುಗೊಂಡಿತು. ತಗ್ಗಾದ ಆಸನ, ಮುಂದಕ್ಕೆ ಚಾಚಿದ ಪಾದ, ಸವಾರನ ಕಡೆಗೆ ಬಾಗಿದ ಹ್ಯಾಂಡಲು: ಇವು ಅದರ ಲಕ್ಷಣಗಳು. ಅವಸರವಿಲ್ಲದೆ ದೂರ ಸಾಗುವವನಿಗೆ ಒಪ್ಪುವ ವಾಹನವಿದು. ರಾಯಲ್ ಎನ್‌ಫೀಲ್ಡ್ ಸಂಸ್ಥೆಯು ಥಂಡರ್‌ಬರ್ಡನ್ನು 2002ರಲ್ಲಿ ಹೊರತಂದು, 2012ರಲ್ಲಿ 20 ಲೀಟರಿನ ಟ್ಯಾಂಕಿನೊಡನೆ ಹೊಸ ರೂಪ ಕೊಟ್ಟಿತು. 2020ರಲ್ಲಿ ಅದನ್ನು ನಿಲ್ಲಿಸಿ ಆ ಸ್ಥಾನದಲ್ಲಿ ಮೀಟಿಯರನ್ನು ತಂದಿತು. ಆದುದರಿಂದ ಥಂಡರ್‌ಬರ್ಡೇ ಬೇಕೆಂಬವರಿಗೆ ಹಳೆಯ ಗಾಡಿಯಲ್ಲದೆ ಗತ್ಯಂತರವಿಲ್ಲ.

ನಾವು ಕೊಂಡದ್ದು 2013ರ ಗಾಡಿ, 346 ಸಿ.ಸಿ.ಯ ಒಂಟಿ ಸಿಲಿಂಡರಿನದು. ಮೊದಲಿನ ಯಜಮಾನರು ಶೋಕಿಯ ಪುರುಷರು. ಕಂಪನಿಯ ಹ್ಯಾಂಡಲನ್ನು ಕಿತ್ತು ಭುಜದೆತ್ತರದ ಹ್ಯಾಂಡಲನ್ನೂ, ಸೈಲೆನ್ಸರಿನ ಸ್ಥಾನದಲ್ಲಿ ಗರ್ಜಿಸುವ ಕೊಳವೆಯನ್ನೂ ಹಾಕಿಸಿದ್ದರು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯಜ್ಡಿಯ ಸದ್ದನ್ನು ಬಾಲ್ಯದಲ್ಲಿ ಕೇಳಿ ಬೆಳೆದ ನಮಗೆ ಆ ಗರ್ಜನೆಯೇ ಮೋಹಕವೆನಿಸಿತು. ಹಣ ಕೊಟ್ಟು, ಮಗನನ್ನು ಹಿಂದೆ ಕುಳ್ಳಿರಿಸಿಕೊಂಡು, 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಮುಂಬಯಿಗೆ ಹೊರಟೆವು.

ಎರಡನೆಯ ದಿನ ಕಶೇಡಿ ಘಾಟದ ಹಳೆಯ ರಸ್ತೆಯಲ್ಲಿ ಇಳಿಯುತ್ತಿದ್ದಾಗ, ಕಡಿದಾದ ತಿರುವಿನಲ್ಲಿ ಎದುರಿಗೆ ಲಾರಿಯೊಂದು ಬಂದಿತು. ಗಾಡಿಯನ್ನು ನಿಧಾನಿಸಿ ಹ್ಯಾಂಡಲನ್ನು ಪೂರ್ತಿ ತಿರುಗಿಸಿದ್ದೇ ತಡ, ನಾವು ಎಕ್ಸಿಲೇಟರನ್ನು ಮುಟ್ಟದಿದ್ದರೂ ಎಂಜಿನು ತಾನಾಗಿ ಅಬ್ಬರಿಸಿ ಮುನ್ನುಗ್ಗಿತು. ಕ್ಲಚ್ಚನ್ನು ಹಿಡಿದು ಎರಡೂ ಬ್ರೇಕುಗಳನ್ನು ಒತ್ತಿದೆವು. ಗಾಡಿ ನಿಂತಾಗ ಮುಂದಿನ ಚಕ್ರಕ್ಕೂ ಕಮರಿಗೂ ನಡುವೆ ಒಂದು ಮೊಳ ಜಾಗವಿತ್ತು. ಮಗ ಮಾತಾಡಲಿಲ್ಲ, ನಮ್ಮ ಅಂಗಿಯನ್ನು ಹಿಡಿದ ಅವನ ಕೈ ಬಹಳ ಹೊತ್ತು ಸಡಿಲಲಿಲ್ಲ.

ಪೋಲಾದಪುರದ ರಸ್ತೆಬದಿಯಲ್ಲಿ ವೃದ್ಧ ಮೆಕ್ಯಾನಿಕರೊಬ್ಬರು ಗಾಡಿಯನ್ನು ನಿಲ್ಲಿಸಿ, ಹ್ಯಾಂಡಲನ್ನು ಒಮ್ಮೆ ಅತ್ತ ಒಮ್ಮೆ ಇತ್ತ ತಿರುಗಿಸಿ ನಕ್ಕರು. “ಎಂಜಿನು ನಿರಪರಾಧಿ. ಹ್ಯಾಂಡಲು ಬೆಳೆದಿದೆ, ಕೇಬಲು ಬೆಳೆದಿಲ್ಲ” ಎಂದು ಮರಾಠಿಯಲ್ಲಿ ಹೇಳಿದರು. ಎತ್ತರದ ಹ್ಯಾಂಡಲಿಗೆ ಹಳೆಯ ಗಿಡ್ಡ ಕೇಬಲನ್ನೇ ಎಳೆದು ಕಟ್ಟಿದ್ದರಿಂದ, ತಿರುವಿದಾಗಲೆಲ್ಲ ಅದು ಬಿಗಿದು ಕಾರ್ಬ್ಯುರೇಟರನ್ನು ತೆರೆಯುತ್ತಿತ್ತು. ಕೊಳ್ಳುವ ದಿನವೇ ಗಾಡಿಯನ್ನು ನಿಲ್ಲಿಸಿ ಎಂಜಿನು ಚಾಲೂ ಇರುವಾಗ ಹ್ಯಾಂಡಲನ್ನು ಎರಡೂ ಕಡೆಗೆ ತಿರುಗಿಸಿ ನೋಡಿದ್ದರೆ ಅರೆ ನಿಮಿಷದಲ್ಲಿ ತಿಳಿಯುತ್ತಿದ್ದ ದೋಷವಿದು.

ಮುಂಬಯಿಗೆ ಬಂದೊಡನೆ ಹ್ಯಾಂಡಲನ್ನು ಬದಲಿಸಿದೆವು. ಗರ್ಜಿಸುವ ಕೊಳವೆ ಮಾತ್ರ ಇನ್ನೂ ಒಂದು ತಿಂಗಳು ಉಳಿಯಿತು. ಪತ್ರಿಕೆಯ ಕೆಲಸ ಮುಗಿಸಿ ನಾವು ಮನೆಗೆ ಬರುವಾಗ ರಾತ್ರಿ ಒಂದು ಗಂಟೆ. ಕೆಳಮನೆಯಲ್ಲಿ ಹಾಸಿಗೆ ಹಿಡಿದಿದ್ದ ವೃದ್ಧೆಯೊಬ್ಬರು ನಮ್ಮ ಗಾಡಿ ಬರುವವರೆಗೆ ನಿದ್ರಿಸದೆ ಕಾಯುತ್ತಿದ್ದರಂತೆ. ನಿದ್ರಿಸಿ ಬೆಚ್ಚಿ ಏಳುವುದಕ್ಕಿಂತ ಎಚ್ಚರವಾಗಿರುವುದೇ ಲೇಸೆಂದು. ಅವರು ದೂರಿದವರಲ್ಲ. ಈ ಸಂಗತಿಯನ್ನು ನಮ್ಮ ಮನೆಯವರಿಂದ ಕೇಳಿ ನಾಚಿದ ನಾವು ಮರುದಿನವೇ ಕಂಪನಿಯ ಸೈಲೆನ್ಸರನ್ನು ಹಾಕಿಸಿದೆವು.

ಕಾಯಿದೆಯೂ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ ಉಂಟು. ಹಾಗೆಂದು ಗಾಡಿಯನ್ನು ನಮ್ಮ ಮೈಗೆ ಒಗ್ಗಿಸಿಕೊಳ್ಳುವ ದಾರಿ ಮುಚ್ಚಿಲ್ಲ. ಆಸನಕ್ಕೆ ಒಳ್ಳೆಯ ಮೆತ್ತೆ ಹಾಕಿಸಿದೆವು. ಕ್ಲಚ್ಚಿನ ಹಿಡಿಯನ್ನು ನಮ್ಮ ಬೆರಳಿನ ಅಳತೆಗೆ ಹೊಂದಿಸಿಕೊಂಡೆವು. ಪತ್ರಿಕೆಯ ಕಟ್ಟನ್ನಿಡಲು ಪಕ್ಕದಲ್ಲಿ ಚೀಲ ಕಟ್ಟಿಸಿದೆವು. ಅಷ್ಟು ಶೃಂಗಾರ ಸಾಕೆನಿಸಿತು.

ಊರಿನಿಂದ ಗಾಡಿ ತರುವ ನಮ್ಮ ವಾಚಕರು ಕಾಗದಪತ್ರಗಳಲ್ಲಿ ಅಲಕ್ಷ್ಯ ಮಾಡಕೂಡದು. ಎಂಜಿನಿನ ಮತ್ತು ಚಾಸಿಯ ಮೇಲೆ ಕೆತ್ತಿದ ಅಂಕಿಗಳನ್ನು ನೋಂದಣಿ ಪತ್ರದೊಡನೆ ತಾಳೆ ನೋಡತಕ್ಕದ್ದು. ಒಡೆತನದ ವರ್ಗಾವಣೆಗೆ 29 ಮತ್ತು 30ನೆಯ ಫಾರ್ಮುಗಳು. ಸಾಲ ತೀರಿದ ಗಾಡಿಯಾದರೆ 35ನೆಯ ಫಾರ್ಮು. ಬೇರೆ ರಾಜ್ಯಕ್ಕೆ ಒಯ್ಯಲು 28ನೆಯ ಫಾರ್ಮಿನ ನಿರಾಕ್ಷೇಪಣಾ ಪತ್ರ. ಹೊರರಾಜ್ಯದಲ್ಲಿ ಗಾಡಿ ಹನ್ನೆರಡು ತಿಂಗಳಿಗೆ ಮಿಕ್ಕಿ ಉಳಿದರೆ ಅಲ್ಲಿಯ ನೋಂದಣಿ ಸಂಖ್ಯೆಯನ್ನು ಪಡೆಯಲೇಬೇಕು. ಹೆಸರು ಬದಲಾಗುವ ತನಕ ಗಾಡಿ ಅಪಘಾತಕ್ಕೀಡಾದರೆ ಮಾರಿದವನಿಗೂ ಕೊಂಡವನಿಗೂ ಕೋರ್ಟಿನ ಅಲೆದಾಟ ತಪ್ಪಿದ್ದಲ್ಲ.

ಇನ್ನು ಪರೀಕ್ಷೆ. ಮಾರುವವನು ಮೊದಲೇ ಎಂಜಿನನ್ನು ಬಿಸಿಮಾಡಿಟ್ಟಿದ್ದಾನೆಯೇ ಎಂದು ಕೈಯಿಟ್ಟು ನೋಡಬೇಕು. ತಣ್ಣಗಿರುವ ಎಂಜಿನು ಚಾಲೂ ಆಗುವ ರೀತಿಯಲ್ಲೇ ಅದರ ಆರೋಗ್ಯ ತಿಳಿಯುತ್ತದೆ. ನೀಲಿ ಹೊಗೆ ಕಂಡರೆ ಒಳಗೆ ಎಣ್ಣೆ ಉರಿಯುತ್ತಿದೆಯೆಂದರ್ಥ. ಟಾಯರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ಕೊಂಡ ಬಳಿಕ ಪೋಷಣೆ ಕಷ್ಟದ್ದಲ್ಲ. ಈ ಎಂಜಿನಿನಲ್ಲಿ ಟ್ಯಾಪೆಟ್ಟುಗಳು ಎಣ್ಣೆಯ ಒತ್ತಡದಿಂದ ತಾವೇ ಹೊಂದಿಕೊಳ್ಳುತ್ತವಾದ್ದರಿಂದ, ಸರಿಯಾದ ದರ್ಜೆಯ ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸುವುದೇ ಮುಖ್ಯ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸದವನು ಘಾಟದಲ್ಲಿ ಪಶ್ಚಾತ್ತಾಪ ಪಡುತ್ತಾನೆ. ಚೈನು 25ರಿಂದ 30 ಮಿಲಿಮೀಟರು ಸಡಿಲವಾಗಿರಬೇಕು. ಮುಂಬಯಿಯ ಮಳೆಗಾಲದಲ್ಲಿ ಅದಕ್ಕೆ ಪದೇಪದೇ ಎಣ್ಣೆ ಕೊಡತಕ್ಕದ್ದು. ರಾತ್ರಿ ರುಬ್ಬುವ ಕಲ್ಲನ್ನು ತೊಳೆದಿಡದವನ ಹೋಟೆಲಿನಲ್ಲಿ ಬೆಳಗಿನ ಇಡ್ಲಿ ಕೆಡುವಂತೆ, ಇಲ್ಲಿಯೂ ಸಣ್ಣ ಅಲಕ್ಷ್ಯಕ್ಕೆ ದೊಡ್ಡ ದಂಡ ತೆರಬೇಕಾಗುತ್ತದೆ.

ಈಗ ಪ್ರತಿ ಭಾನುವಾರ ಬೆಳಗ್ಗೆ ನಾವು ಗಾಡಿಯ ಪಕ್ಕದಲ್ಲಿ ಮಣೆ ಹಾಕಿ ಕೂರುವುದು ವಾಡಿಕೆಯಾಗಿದೆ. ಮಗನಿಗೆ ಹದಿನೆಂಟು ತುಂಬುತ್ತಲಿದೆ. ಗಾಡಿಯನ್ನು ತನಗೆ ಯಾವಾಗ ಕೊಡುವಿರೆಂದು ಕೇಳುತ್ತಾನೆ. ಲೈಸನ್ಸು ಬರಲಿ, ಅದಕ್ಕೆ ಮುಂಚೆ ಚೈನಿನ ಸಡಿಲವನ್ನು ಅಳೆಯುವುದನ್ನು ಕಲಿ ಎಂದು ಅವನ ಕೈಗೆ ಅಳತೆಪಟ್ಟಿಯನ್ನು ಕೊಟ್ಟಿದ್ದೇವೆ. ಕಳೆದ ವಾರ ಅಳೆದ ಮೇಲೆ, ನಾವು ಹೇಳದೆಯೇ, ಅವನು ಹ್ಯಾಂಡಲನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಪೂರ್ತಿ ತಿರುಗಿಸಿ ಎಂಜಿನಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದನು.