ಹಲ್ಲಿನ ಕಲೆಗೆ ಮಗು ಹೊಣೆಯಲ್ಲ

ಮಾನವ ಶರೀರದಲ್ಲಿ ಅತ್ಯಂತ ಕಠಿಣವಾದ ವಸ್ತು ಯಾವುದೆಂದು ಕೇಳಿದರೆ ಹಲವರು ಎಲುಬೆಂದು ಉತ್ತರಿಸುವುದುಂಟು. ವಾಸ್ತವವಾಗಿ ಆ ಸ್ಥಾನ ಹಲ್ಲಿನ ಮೇಲ್ಪದರವಾದ ಎನಾಮಲ್‌ಗೆ ಸಲ್ಲುತ್ತದೆ. ಪೂರ್ಣಗೊಂಡ ಎನಾಮಲಿನ ತೂಕದಲ್ಲಿ ಸುಮಾರು ಶೇಕಡಾ ೯೬ ಭಾಗ ಖನಿಜವೇ ಆಗಿದೆ. ಇಷ್ಟು ಕಠಿಣವಾದ ಈ ಕವಚವು ಆರಂಭದಲ್ಲಿ ಪ್ರೋಟೀನು ತುಂಬಿದ ಮೃದು ಪದರವಾಗಿರುತ್ತದೆಂಬುದು ಸೋಜಿಗದ ಸಂಗತಿ. ಅದು ಗಟ್ಟಿಯಾಗುವ ಬಗೆಯನ್ನು ಅರಿತರೆ, ಮಕ್ಕಳ ಹಲ್ಲಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿರುವ ಒಂದು ತಪ್ಪು ತಿಳಿವಳಿಕೆಯೂ ದೂರವಾದೀತು.

ಹಲ್ಲು ಇನ್ನೂ ದವಡೆಯೊಳಗೆ ಅಡಗಿರುವಾಗಲೇ ಅಮೆಲೊಬ್ಲಾಸ್ಟ್ ಎಂಬ ಜೀವಕೋಶಗಳು ಪ್ರೋಟೀನಿನ ಹಂದರವೊಂದನ್ನು ಹರಡುತ್ತವೆ. ಅದರಲ್ಲಿ ಸುಮಾರು ಶೇಕಡಾ ೯೦ ಭಾಗ ಅಮೆಲೊಜೆನಿನ್ ಎಂಬ ಪ್ರೋಟೀನು. ಇದರ ಆಸರೆಯಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು ತೆಳುವಾದ ಪಟ್ಟಿಗಳಂತೆ ಉದ್ದಕ್ಕೆ ಬೆಳೆಯುತ್ತವೆ. ಮನೆಯ ಛಾವಣಿಗೆ ಕಾಂಕ್ರೀಟು ಹಾಕುವಾಗ ಸೆಂಟ್ರಿಂಗ್ ಕಟ್ಟುವುದನ್ನೂ, ಕಾಂಕ್ರೀಟು ಬಿಗಿದ ಮೇಲೆ ಅದನ್ನು ಬಿಚ್ಚುವುದನ್ನೂ ನಾವೆಲ್ಲ ಕಂಡಿದ್ದೇವೆ. ಹಲ್ಲಿನಲ್ಲಿ ಈ ಬಿಚ್ಚುವ ಕಾರ್ಯ ಎರಡು ಕಿಣ್ವಗಳದು. ಎನಾಮಲೈಸಿನ್ ಎಂಬ ಕಿಣ್ವವು ಹರಳು ಬೆಳೆಯುತ್ತಿರುವಾಗಲೇ ಪ್ರೋಟೀನನ್ನು ಕ್ರಮವಾಗಿ ಕತ್ತರಿಸುತ್ತದೆ. ಪದರವು ಪೂರ್ಣ ದಪ್ಪಕ್ಕೆ ಬಂದ ಮೇಲೆ ಕ್ಯಾಲಿಕ್ರೀನ್-೪ ಎಂಬುದು ಉಳಿದುದನ್ನು ಚೂರುಚೂರು ಮಾಡುತ್ತದೆ. ಚೂರುಗಳು ಹೊರಹೋಗಿ ತೆರವಾದ ಸ್ಥಳದಲ್ಲಿ ಹರಳುಗಳು ದಪ್ಪವಾಗಿ ಬೆಳೆದು ಒತ್ತಾಗಿ ಕೂಡಿಕೊಳ್ಳುತ್ತವೆ. ಕಟ್ಟುವುದರಷ್ಟೇ ತೆಗೆದುಹಾಕುವುದೂ ಇಲ್ಲಿ ಮುಖ್ಯ.

ಇದು ಇಲಿಗಳ ಮೇಲಿನ ಪ್ರಯೋಗಗಳಿಂದ ಸ್ಪಷ್ಟಪಟ್ಟಿದೆ. ಎನಾಮಲೈಸಿನ್ ಇಲ್ಲದ ಇಲಿಗಳಲ್ಲಿ ಪದರ ತೆಳುವಾಗಿ, ಹಲ್ಲಿನಿಂದ ಕಳಚಿಬೀಳುತ್ತದೆ. ಕ್ಯಾಲಿಕ್ರೀನ್-೪ ಇಲ್ಲದಿದ್ದರೆ ದಪ್ಪ ಸರಿಯಾಗಿದ್ದರೂ ಗಟ್ಟಿತನವಿಲ್ಲದೆ ಬೇಗ ಮುರಿಯುತ್ತದೆ. ಮನುಷ್ಯರಲ್ಲಿಯೂ ಈ ಕಿಣ್ವಗಳ ವಂಶವಾಹಿಗಳಲ್ಲಿ ದೋಷವಿದ್ದರೆ ಹಲ್ಲು ಹಳದಿಯಾಗಿ, ಕಂದಾಗಿ, ಸವೆಯುತ್ತದೆಂದು ೨೦೦೪ ಮತ್ತು ೨೦೦೫ರಲ್ಲಿ ವಿಜ್ಞಾನಿಗಳು ತೋರಿಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಈ ಕಾಯಿಲೆ ಕಾಣುತ್ತದೆ. ಅವರಿಬ್ಬರ ಹಲ್ಲು ಚೆನ್ನಾಗಿಯೇ ಇರಬಹುದು. ಸೋದರಮಾವ, ಸೋದರತ್ತೆಯ ಮಗ ಮುಂತಾದ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಇಂಥ ಸಂಭವ ಹೆಚ್ಚು. ಸಂಬಂಧ ಕೂಡಿಸುವ ಹಿರಿಯರು ಇದನ್ನು ಮನಗಾಣಬೇಕು.

ವಂಶದೋಷವು ವಿರಳ; ನಮ್ಮ ನಾಡಿನಲ್ಲಿ ಅದಕ್ಕಿಂತ ವ್ಯಾಪಕವಾದುದು ನೀರಿನ ದೋಷ. ಕೋಲಾರ, ತುಮಕೂರು, ಗದಗ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಅಧಿಕವಾಗಿದೆ. ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ಇಂಥ ನೀರು ಕುಡಿದರೆ ಪ್ರೋಟೀನು ಹೊರಹೋಗುವುದು ತಡವಾಗಿ, ಎನಾಮಲ್ ಒಳಗೆ ಟೊಳ್ಳುಟೊಳ್ಳಾಗಿ ಉಳಿಯುತ್ತದೆ. ಮುಂದೆ ಅಲ್ಲಿ ಸುಣ್ಣದಂಥ ಬಿಳಿ ಗೆರೆಗಳೂ ಕಂದು ಕಲೆಗಳೂ ತೋರುತ್ತವೆ.

ಇಂಥ ಮಕ್ಕಳನ್ನು "ಹಲ್ಲುಜ್ಜದ ಸೋಮಾರಿ" ಎಂದು ಹಂಗಿಸುವವರುಂಟು. ಕನ್ಯೆ ನೋಡಲು ಬಂದವರು ಇದನ್ನೇ ಕೊರತೆಯೆಂದು ಎಣಿಸುವುದೂ ಉಂಟು. ಇದು ಅನ್ಯಾಯ. ಮಗು ಬ್ರಷ್ ಹಿಡಿಯುವ ಮೊದಲೇ ಆ ಹಲ್ಲು ವಸಡಿನೊಳಗೆ ರೂಪುಗೊಳ್ಳತೊಡಗಿತ್ತು. ಇಟ್ಟಿಗೆ ಪುಡಿ, ಬೂದಿಗಳಿಂದ ತಿಕ್ಕಿದರೆ ಕಲೆ ಹೋಗದು. ಇದ್ದ ಪದರವೂ ಸವೆದೀತು.

ಶಾಶ್ವತ ಹಲ್ಲುಗಳ ಎನಾಮಲ್ ಜನನದ ಹೊತ್ತಿಗೆ ಆರಂಭವಾಗಿ, ಬುದ್ಧಿಹಲ್ಲುಗಳನ್ನು ಬಿಟ್ಟರೆ, ಸುಮಾರು ಎಂಟನೆಯ ವಯಸ್ಸಿಗೆ ಮುಗಿಯುತ್ತದೆ. ಹಲ್ಲು ಹೊರಬಂದಾಗ ಅದನ್ನು ಕಟ್ಟಿದ ಜೀವಕೋಶಗಳು ಅಳಿದುಹೋಗುತ್ತವೆ, ಮತ್ತೆ ಕಟ್ಟುವವರಿಲ್ಲ. ಆದ್ದರಿಂದ ಆ ಎಂಟು ವರ್ಷಗಳೇ ಅಮೂಲ್ಯ. ಗೃಹಸ್ಥರು ಮನೆಯ ಕೊಳವೆ ಬಾವಿಯ ನೀರನ್ನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲಿ. ಒಂದು ಲೀಟರಿನಲ್ಲಿ ೧ ಮಿಲಿಗ್ರಾಮಿನೊಳಗಿದ್ದರೆ ಒಳಿತು; ೧.೫ನ್ನು ಮೀರಲಾಗದು. ನೀರನ್ನು ಕುದಿಸುವುದರಿಂದ ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಶುಚಿಯಾಗಿ ಸಂಗ್ರಹಿಸಿದ ಮಳೆನೀರು, ಇಲ್ಲವೆ ಫ್ಲೋರೈಡು ತೆಗೆಯುವ ಶುದ್ಧೀಕರಣ ಘಟಕದ ನೀರು ಮಕ್ಕಳಿಗೆ ಸಿಗಲಿ. ಈಗಾಗಲೇ ಕಲೆಯಾಗಿದ್ದರೆ ದಂತವೈದ್ಯರಲ್ಲಿ ಪರಿಹಾರೋಪಾಯಗಳಿವೆ. ಅದಕ್ಕೂ ಮೊದಲು ಮಗುವಿಗೆ ಸಲ್ಲಬೇಕಾದುದು, ಇದು ನಿನ್ನ ತಪ್ಪಲ್ಲವೆಂಬ ಹಿರಿಯರ ಮಾತು.