ಬೇಡವಾದ ಟ್ಯೂನಿಗೂ ಒಂದು ಕಾಲ

‘ವೀರ್ ಜಾರಾ’ ಸಿನಿಮಾ ನೋಡಿದವರಿಗೆ ‘ತೇರೇ ಲಿಯೇ’ ಹಾಡು ಗೊತ್ತೇ ಇರುತ್ತದೆ. ಸಿನಿಮಾ ಬಂದಿದ್ದು 2004ರ ನವೆಂಬರ್‌ನಲ್ಲಿ. ಅದರ ಸಂಗೀತ ನಿರ್ದೇಶಕ ಮದನ್ ಮೋಹನ್ ತೀರಿಕೊಂಡಿದ್ದು 1975ರ ಜುಲೈ 14ರಂದು. ಅಂದರೆ, ಅವರು ಹೋಗಿ 29 ವರ್ಷಗಳಾದ ಮೇಲೆ ಅವರ ‘ಹೊಸ’ ಹಾಡುಗಳು ಹಿಟ್ ಆದವು! ಇದು ಹೇಗಾಯಿತು ಎನ್ನುವುದು ಚೆಂದದ ಕತೆ. ಆವರಗೆರೆ, ದಾವಣಗೆರೆ, ಹರಿಹರದ ಮನೆಗಳ ಅಟ್ಟದಲ್ಲಿ ದೂಳು ಹಿಡಿದು ಕುಳಿತ ಕ್ಯಾಸೆಟ್‌ಗಳಿಗೂ ಆ ಕತೆಗೂ ಸಂಬಂಧವಿದೆ.

ಸಿನಿಮಾದ ಒಂದು ಸನ್ನಿವೇಶಕ್ಕೆ ಸಂಗೀತ ನಿರ್ದೇಶಕರು ಒಂದೇ ಟ್ಯೂನ್ ಮಾಡಿ ಸುಮ್ಮನಾಗುವುದಿಲ್ಲ. ನಾಲ್ಕೈದು ಮಾಡುತ್ತಾರೆ. ಹಾರ್ಮೋನಿಯಂ ಮುಂದಿಟ್ಟುಕೊಂಡು, ಸಾಹಿತ್ಯ ಇನ್ನೂ ಸಿದ್ಧವಿಲ್ಲದಿದ್ದರೆ ಬಾಯಿಗೆ ಬಂದ ಪದ ಹಾಕಿ ಹಾಡಿ, ಟೇಪಿನಲ್ಲಿ ಹಿಡಿದಿಡುತ್ತಾರೆ. ಅದೇ ಡೆಮೊ. ನಿರ್ದೇಶಕರಿಗೆ ಅದರಲ್ಲಿ ಒಂದು ಹಿಡಿಸುತ್ತದೆ. ಉಳಿದವು ಕೆಟ್ಟವೇನಲ್ಲ, ಆ ಸನ್ನಿವೇಶಕ್ಕೆ ಕೂಡಲಿಲ್ಲ ಅಷ್ಟೆ. ಅವು ಟೇಪಿನಲ್ಲೇ ಉಳಿದುಬಿಡುತ್ತವೆ.

ಗುಲ್ಜಾರ್ ನಿರ್ದೇಶನದ ‘ಮೌಸಮ್’ ಚಿತ್ರದ ‘ದಿಲ್ ಢೂಂಢ್ತಾ ಹೈ’ ಗೀತೆಗೂ ಮದನ್ ಮೋಹನ್ ಹೀಗೆ ಹಲವು ಟ್ಯೂನ್ ಮಾಡಿದ್ದರು. ಒಂದು ಆಯ್ಕೆಯಾಯಿತು. ಚಿತ್ರ ತೆರೆಗೆ ಬರುವ ಹೊತ್ತಿಗೆ ಅವರೇ ಇರಲಿಲ್ಲ. ಆಗ ಅವರಿಗೆ ಬರೀ 51 ವರ್ಷ. ಮುಂದೆ, ಹಳೆಯ ಕಾಲದ ಮಾಧುರ್ಯವಿರುವ ಸಂಗೀತವನ್ನು ಹುಡುಕುತ್ತಿದ್ದ ಯಶ್ ಚೋಪ್ರಾ ಅವರಿಗೆ ಮದನ್ ಮೋಹನ್ ಅವರ ಮಗ ಸಂಜೀವ್ ಕೊಹ್ಲಿ, ಅಪ್ಪನ ಬಳಕೆಯಾಗದ ಟ್ಯೂನ್‌ಗಳು ತಮ್ಮಲ್ಲಿವೆ ಎಂದು ಹೇಳಿದರು. ಹಳೆಯ ಟೇಪುಗಳನ್ನು ಒಂದೊಂದಾಗಿ ಕೇಳಿ ಆರಿಸಿದರು. ಅವಕ್ಕೆ ಹೊಸ ವಾದ್ಯಗಳು ಸೇರಿದವು. ಜಾವೇದ್ ಅಖ್ತರ್ ಸಾಹಿತ್ಯ ಬರೆದರು. ಮದನ್ ಮೋಹನ್ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದ ಲತಾ ಮಂಗೇಶ್ಕರ್ ತಮ್ಮ 75ನೇ ವಯಸ್ಸಿನ ಹೊತ್ತಿಗೆ ಅವರ ಟ್ಯೂನ್‌ಗಳಿಗೆ ಮತ್ತೆ ದನಿಯಾದರು. ‘ಮೌಸಮ್’ಗೆ ಬೇಡವಾಗಿದ್ದ ಒಂದು ಟ್ಯೂನೇ ‘ತೇರೇ ಲಿಯೇ’ ಆಯಿತು.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಮೂರು ಸಂಗತಿ. ಮನೆಯವರು ಟೇಪನ್ನು ಎಸೆಯಲಿಲ್ಲ. ಅದರ ಮೇಲೆ ಬೇರೇನನ್ನೂ ರೆಕಾರ್ಡ್ ಮಾಡಲಿಲ್ಲ. ಮುಖ್ಯವಾಗಿ, ಆ ದನಿ ಯಾರದು, ಟ್ಯೂನ್ ಯಾವುದಕ್ಕೆ ಮಾಡಿದ್ದು ಎಂದು ಬಲ್ಲ ಒಬ್ಬರು ಕುಳಿತು ಕೇಳಿದರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಹಾಡು ನಮಗೆ ಸಿಗುತ್ತಿರಲಿಲ್ಲ.

ಬೀಟಲ್ಸ್ ತಂಡದ ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯ ಪಿಯಾನೊ ಮುಂದೆ ಕುಳಿತು ಒಂದು ಹಾಡನ್ನು ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ದರು. 1980ರಲ್ಲಿ ಅವರ ಹತ್ಯೆಯಾಯಿತು. ಪತ್ನಿ ಯೋಕೊ ಓನೊ ಆ ಕ್ಯಾಸೆಟ್ಟನ್ನು ತಂಡದ ಗೆಳೆಯರಿಗೆ ಕೊಟ್ಟರೂ ಪಿಯಾನೊ ಸದ್ದಿನಿಂದ ದನಿಯನ್ನು ಬಿಡಿಸಲು ಆಗ ಬರಲಿಲ್ಲ. ಕಂಪ್ಯೂಟರ್ ಆ ವಿದ್ಯೆ ಕಲಿತ ಮೇಲೆ, 2023ರ ನವೆಂಬರ್ 2ರಂದು ‘ನೌ ಆ್ಯಂಡ್ ದೆನ್’ ಬಿಡುಗಡೆಯಾಯಿತು. ತಂತ್ರಜ್ಞಾನ ತಡವಾಗಿ ಬಂದರೂ ನಡೆಯುತ್ತದೆ, ಟೇಪ್ ಮಾತ್ರ ಅಲ್ಲಿಯತನಕ ಉಳಿದಿರಬೇಕು.

ನಮ್ಮೂರಿಗೆ ಇದೆಲ್ಲ ಯಾಕೆ ಎನ್ನಬಹುದು. ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿ, ಅವರ ಮಗಳು ಚಿಂದೋಡಿ ಲೀಲಾ ಅವರ ಹೆಸರು ಕೇಳದವರಿಲ್ಲ. ಅದೇ ಮನೆತನದ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ಗಾನಯೋಗಿ ಪಂಚಾಕ್ಷರ ಗವಾಯಿಗಳ ಕುರಿತ ಚಿತ್ರ 1995ನೇ ಸಾಲಿನಲ್ಲಿ ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನದ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟಿತು. ಇಂಥ ಊರಿನಲ್ಲಿ ಹಾರ್ಮೋನಿಯಂ ಮಾಸ್ತರರು, ಗಣಪತಿ ಹಬ್ಬದ ಆರ್ಕೆಸ್ಟ್ರಾದವರು, ಭಜನೆ ಮೇಳದವರು, ಸೋಬಾನೆ ಹಾಡುವ ಅಜ್ಜಿಯರು ಎಷ್ಟು ಜನ! ಮನೆಗೆ ಟೇಪ್ ರೆಕಾರ್ಡರ್ ಬಂದ ಕಾಲದಲ್ಲಿ ಇವರ ದನಿ ಎಲ್ಲೋ ಒಂದು ಕಡೆ ಸಿಕ್ಕಿಬಿದ್ದಿರುತ್ತದೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್‌ಗೆ ಸಾವಿರಾರು ಪ್ರತಿಗಳಿವೆ. ಅಜ್ಜ ಹಾಡಿದ ಕ್ಯಾಸೆಟ್‌ಗೆ ಇನ್ನೊಂದು ಪ್ರತಿ ಇಲ್ಲ.

ಟೇಪ್ ಎಂದರೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಕಬ್ಬಿಣದ ಆಕ್ಸೈಡಿನಂಥ ಕಾಂತೀಯ ಪುಡಿ. ತೇವ ತಾಗಿದರೆ ಆ ಅಂಟು ಮೆತ್ತಗಾಗುತ್ತದೆ, ಪುಡಿ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಕಷ್ಟ ನುಡಿಸುವ ಯಂತ್ರದ್ದು. ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಎಚ್ಚರಿಸಿದ್ದವು: ಪ್ಲೇಯರ್‌ಗಳು, ಬಿಡಿಭಾಗಗಳು ಸಿಗದೆ ಹೋಗುತ್ತಿವೆ, 2025ರ ಹೊತ್ತಿಗೆ ಟೇಪುಗಳನ್ನು ಡಿಜಿಟಲ್ ಮಾಡುವುದೇ ಕಷ್ಟವಾಗಲಿದೆ ಎಂದು. ಆ ವರ್ಷವೂ ಬಂದಾಯಿತು.

ನಾವೇನು ಮಾಡಬಹುದು?

* ಮೊದಲು ಕ್ಯಾಸೆಟ್‌ನ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ. ಆಮೇಲೆ ಕೈತಪ್ಪಿ ಅದರ ಮೇಲೆ ರೆಕಾರ್ಡ್ ಆಗುವ ಭಯವಿಲ್ಲ.

* ಸುರುಳಿ ಸಡಿಲಾಗಿದ್ದರೆ ಪೆನ್ಸಿಲ್ ತೂರಿಸಿ ಬಿಗಿ ಮಾಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ಪ್ಲೇಯರಿಗೂ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಬಲ್ಲವರಿಗೆ ತೋರಿಸಿ.

* ಪ್ಲೇಯರ್‌ನ ಹೆಡ್ ಸ್ವಚ್ಛ ಮಾಡಿ, ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿ. ‘ಅಡಾಸಿಟಿ’ ತಂತ್ರಾಂಶ ಉಚಿತ. ಮೊಬೈಲನ್ನು ಸ್ಪೀಕರ್ ಮುಂದೆ ಹಿಡಿದರೆ ಫ್ಯಾನಿನ ಸದ್ದೂ ಸೇರಿಕೊಳ್ಳುತ್ತದೆ.

* ಎಂಪಿ3 ಬದಲು ‘ವೇವ್’ ಕಡತವಾಗಿ, 24 ಬಿಟ್, 96 ಕಿಲೊಹರ್ಟ್ಜ್‌ನಲ್ಲಿ ಉಳಿಸಿ. ಒಂದು ಗಂಟೆಗೆ ಸುಮಾರು 2 ಜಿಬಿ. ಎರಡು ಕಡೆ ಪ್ರತಿ ಇಡಿ.

* ಹಾಡಿದವರು, ನುಡಿಸಿದವರು, ಊರು, ವರ್ಷ ಎಲ್ಲವನ್ನೂ ಬರೆದಿಡಿ. ಅವರ ಅಥವಾ ಅವರ ಮನೆಯವರ ಒಪ್ಪಿಗೆ ಇಲ್ಲದೆ ಯೂಟ್ಯೂಬ್‌ಗೆ ಹಾಕಬೇಡಿ. ಹಾಡಿನ ಹಕ್ಕು ಕ್ಯಾಸೆಟ್ ಸಿಕ್ಕವರದಲ್ಲ.

ಕೊನೆಯದೇ ಎಲ್ಲಕ್ಕಿಂತ ತುರ್ತಿನದು. ಕ್ಯಾಸೆಟ್ ಇನ್ನೆರಡು ವರ್ಷ ತಡೆದೀತು. ‘ಅದು ನಮ್ಮ ದೊಡ್ಡಪ್ಪನ ದನಿ, ತಬಲಾ ನುಡಿಸಿದವನು ಪಕ್ಕದ ಮನೆಯವನು’ ಎಂದು ಗುರುತು ಹಿಡಿಯುವ ಹಿರಿಯರು ಅಷ್ಟು ದಿನ ಇರುತ್ತಾರೆ ಎನ್ನಲಾಗದು. ಹೆಸರು ಹೇಳುವವರಿಲ್ಲದ ಟೇಪು ಯಾರದೋ ಗದ್ದಲವಾಗಿ ಉಳಿಯುತ್ತದೆ. ಹಾಗಾಗಿ ಕ್ಯಾಸೆಟ್ ಹಾಕುವಾಗ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ನಡುವೆ ಆಡುವ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಸಿಕ್ಕಿದ್ದೆಲ್ಲ ‘ತೇರೇ ಲಿಯೇ’ ಆಗಬೇಕಿಲ್ಲ. ಮನೆಯವರು ಒಂದು ಸಂಜೆ ಒಟ್ಟಿಗೆ ಕುಳಿತು ಕೇಳಿದರೂ ಸಾಕು. ಈ ಸಲದ ರಜೆಯಲ್ಲಿ ಅಟ್ಟ ಹತ್ತಿ, ಒಂದೇ ಒಂದು ಕ್ಯಾಸೆಟ್‌ನಿಂದ ಶುರು ಮಾಡೋಣವೇ?